ಇನ್ನೂರಕ್ಕೆ ಒಂದು ಕಮ್ಮಿ

ಅರಸೀಕೆರೆಯ ಕೊಬ್ಬರಿ ವರ್ತಕ ಏಕಾಂತಯ್ಯನವರು ಮೂವತ್ತು ವರ್ಷ ಕಾನ್ಪುರಕ್ಕೂ ದೆಹಲಿಗೂ ತಂತಿ ಕಳಿಸಿದವರು. ಪದಕ್ಕಿಷ್ಟು ಎಂದು ಕಾಸು ಕೀಳುವ ತಂತಿ ಕಚೇರಿ ಅವರಿಗೆ ಎರಡೇ ಪದದ ಇಂಗ್ಲಿಷ್ ಕಲಿಸಿತ್ತು: ‘ಲಾರಿ ಕಳಿಸು’, ‘ದರ ತಿಳಿಸು’. ನಮಸ್ಕಾರ, ಕ್ಷೇಮ ಎಲ್ಲ ದಂಡದ ಬಾಬತ್ತು.

೧೯೯೭ರಲ್ಲಿ ಟೈಪಿಂಗ್ ಶಾಲೆಯ ಇಂದುಧರ ಎರವಲು ಕೊಟ್ಟ ಕಂಪ್ಯೂಟರಿನೊಳಗೆ ಒಂದು ಆಟ ಸಿಕ್ಕಿತು. ಚಿತ್ರವಿಲ್ಲ, ಬರೀ ಇಂಗ್ಲಿಷ್ ಅಕ್ಷರ. ‘ಎದುರಿಗೆ ಪಾಳುಕೋಟೆ’ ಎಂದು ಅದು ಹೇಳುತ್ತದೆ. ‘ಬಾಗಿಲು ತೆಗೆ’ ಎಂದು ಇವರು ಒತ್ತಬೇಕು. ತಂತಿಯ ಭಾಷೆಯೇ! ನಿಧಿ ಸಿಕ್ಕಿದಂತೆಲ್ಲ ಅಂಕ ಏರುತ್ತದೆ. ಇನ್ನೂರೂ ಬಂದರೆ ‘ಕೋಟೆಯ ಒಡೆಯ’ ಎಂಬ ಬಿರುದು. ಒಂದು ಕಮ್ಮಿಯಾದರೂ ‘ಅಲೆಮಾರಿ’.

ಏಕಾಂತಯ್ಯನವರು ಎರಡು ತಿಂಗಳಿಂದ ನೂರ ತೊಂಬತ್ತೊಂಬತ್ತರ ಅಲೆಮಾರಿ. ನಿಧಿಯನ್ನೆಲ್ಲ ದೋಣಿಯಲ್ಲಿ ಹೊಳೆ ದಾಟಿಸಿದ್ದಾಯಿತು. ಗೋಡೆ ತಟ್ಟಿದರು, ಬಾವಿಗಿಳಿದರು, ಸತ್ತ ಇಲಿಯನ್ನೂ ಹೊತ್ತು ತಂದರು. ಅಂಕ ಕದಲಲಿಲ್ಲ.

“ನಾಳೆ ಕಂಪ್ಯೂಟರ್ ತಗೊಂಡ್ ಹೋಯ್ತೀನಿ ಅಣ್ಣ,” ಎಂದ ಇಂದುಧರ. “ಕೊಬ್ಬರಿ ಒಣಗಿದ್ರೆ ತೂಕ ಇಳಿಯಲ್ವಾ? ಹಂಗೇ ಅನ್ಕೊಂಡ್ ಬಿಟ್ಬಿಡಿ.”

“ಇಳಿದದ್ದು ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ಬೇಕಲ್ಲಯ್ಯ.”

ಅಂದು ಮಂಡಿಗೆ ರಜೆ. ಊಟವಾದ ಮೇಲೆ ಕೊನೆಯ ಸಲವೆಂದು ಕೂತರು. ಕಣ್ಣು ಉರಿ, ಸೊಂಟ ನೋವು. ಹೆಂಡತಿ ಗುರುಸಿದ್ದಮ್ಮ ಮಜ್ಜಿಗೆ ಲೋಟ ತಂದು ಪಕ್ಕದಲ್ಲಿಟ್ಟರು.

“ಏನ್ರೀ ಅದು, ಅಷ್ಟೊಂದು ಗುರಾಯಿಸ್ತೀರಿ?”

“ಹೊಳೆ ಕಣೇ. ಅಂಬಿಗ ದಾಟಿಸ್ತವ್ನೆ.”

“ಅವನನ್ನ ಮಾತಾಡಿಸಿದ್ರಾ?”

“ಯಾಕೆ? ದೋಣಿ ಬತ್ತದೆ, ಹತ್ತುತೀನಿ, ಇಳೀತೀನಿ.”

“ಅಯ್ಯೋ ಪಾಪ, ಅವನೂ ನನ್ನ ಹಂಗೇ ಅನ್ನಿ.”

ಏಕಾಂತಯ್ಯನವರು ಬೇಸರದಿಂದಲೇ ‘ಅಂಬಿಗನನ್ನು ಮಾತಾಡಿಸು’ ಎಂದು ಒತ್ತಿದರು.

ಪರದೆಯ ಮೇಲೆ ಅಂಬಿಗನ ಉತ್ತರ ಮೂಡಿತು: ‘ಹದಿನಾಲ್ಕು ಸಲ ದಾಟಿಸಿದೆ. ನಿಮಗೆ ಬಾಯಿಲ್ಲ ಅಂದುಕೊಂಡಿದ್ದೆ.’ ಕೆಳಗೆ, ಇನ್ನೂರಕ್ಕೆ ಇನ್ನೂರು. ಕೋಟೆಯ ಒಡೆಯ.

ಒಡೆಯರಿಗೆ ಹಿಗ್ಗಲೂ ತ್ರಾಣವಿರಲಿಲ್ಲ. ಎರಡು ತಿಂಗಳ ಆಯಾಸವೆಲ್ಲ ಒಟ್ಟಿಗೆ ಹೆಗಲಿಗಿಳಿಯಿತು.

“ಬಂತೇನ್ರೀ?”

“ಹ್ಞೂಂ.”

ಗುರುಸಿದ್ದಮ್ಮ ಅಲ್ಲೇ ನಿಂತಿದ್ದರು. ಇನ್ನೂ ಏನಾದರೂ ಹೇಳಬೇಕು ಎಂದು ಏಕಾಂತಯ್ಯನವರಿಗೂ ಅನಿಸಿತು. ಹುಡುಕಿದರು. ಕೊಬ್ಬರಿ ದರ ಬಿಟ್ಟರೆ ಬೇರೇನೂ ಕೈಗೆ ಸಿಗಲಿಲ್ಲ.

“ಮಜ್ಜಿಗೆ ಚೆನ್ನಾಗೈತೆ ಕಣೇ,” ಎಂದರು.

“ಇನ್ನೂ ಮುಟ್ಟೇ ಇಲ್ವಲ್ರೀ!”