ಬಾಣಂತಿ ಹೊಳೆ ದಾಟಿದ್ದು

2023ರಲ್ಲಿ ನಾನು ಗೋಕಾಕದ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕಿ. ನಿವೃತ್ತಿಗೆ ಒಂದೇ ವರ್ಷ ಬಾಕಿ ಇತ್ತು. ಪಾಠದ ಜೊತೆಗೆ ಕಾಲೇಜಿನ ಮಹಿಳಾ ಮತ್ತು ಲಿಂಗ ಸಮಾನತೆ ಸಂಪನ್ಮೂಲ ಕೇಂದ್ರದ ಸಂಯೋಜಕಿಯ ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಹೆಸರು ಅಷ್ಟುದ್ದ, ಇದ್ದದ್ದು ಗ್ರಂಥಾಲಯದ ಬಾಜೂಕ್ಕೆ ಒಂದು ಖೋಲಿ, ಒಂದು ಕಪಾಟು, ಎಂಟು ಖುರ್ಚಿ. ವಿದ್ಯಾರ್ಥಿನಿಯರೇ ಸ್ವಯಂಸೇವಕಿಯರು. ಯಾವುದಾದರೂ ಹುಡುಗಿ ಕಾಲೇಜು ಬಿಡುವ ಹಂತಕ್ಕೆ ಬಂದರೆ ಯಾಕೆಂದು ವಿಚಾರಿಸಿ ನೆರವಾಗುವುದು ನಮ್ಮ ಮುಖ್ಯ ಕೆಲಸ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನನ್ನ ಹುಡುಗಿಯರಿಗೆ ಮಾತು ನಾಲಗೆಯ ತುದಿಯಲ್ಲಿ. ಇಂಥವರು ಕೂಡಿ ಊರು ಸುಧಾರಿಸಲು ಹೊರಟಿದ್ದೆವು.

ಆ ವರ್ಷ ಆರನೇ ಸೆಮಿಸ್ಟರ್ ಪರೀಕ್ಷೆಗೆ ಹದಿನೆಂಟು ದಿನ ಇದ್ದಾಗ ರೇಣುಕಾ ಎಂಬ ವಿದ್ಯಾರ್ಥಿನಿ ಹಾಲ್ ಟಿಕೆಟ್ ಒಯ್ಯಲು ಬರಲಿಲ್ಲ. ಹಾಲ್ ಟಿಕೆಟ್ ಎಂದರೆ ಪರೀಕ್ಷೆಗೆ ಕೂರಲು ಬೇಕಾದ ಪ್ರವೇಶ ಪತ್ರ. ಫೋನ್ ಮಾಡಿದರೆ ತಿಳಿಯಿತು: ಅವಳು ಚೊಚ್ಚಲ ಹೆರಿಗೆಗೆ ಮೂಡಲಗಿ ತಾಲೂಕಿನ ತವರಿಗೆ ಹೋಗಿದ್ದಾಳೆ, ಗಂಡು ಕೂಸಿಗೆ ಇಪ್ಪತ್ತೆರಡು ದಿನ. ಮೂಡಲಗಿ ಕಡೆಯಿಂದ ಗೋಕಾಕಕ್ಕೆ ಬರಬೇಕೆಂದರೆ ಘಟಪ್ರಭಾ ಹೊಳೆ ದಾಟಲೇಬೇಕು. ಮೂರು ತಿಂಗಳು ತುಂಬುವ ತನಕ ಬಾಣಂತಿ ಕೂಸು ಹೊಳೆ ದಾಟಬಾರದು ಎಂಬುದು ಅವರ ಮನೆಯ ಕಟ್ಟಳೆ. ಅಜ್ಜಿ ಸತ್ಯವ್ವ ಖಡಾಖಂಡಿತ ಹೇಳಿಬಿಟ್ಟಿದ್ದಳು.

"ಮೇಡಂ, ಈ ವರ್ಷ ಡಿಗ್ರಿ ಮುಗಿಸಿದ್ರ ಬಿ.ಎಡ್.ಗೆ ಕಳಸ್ತೀವಿ ಅಂತ ಹುಕ್ಕೇರಿಯೊಳಗ ಅತ್ತಿ ಮಾವ ಮಾತು ಕೊಟ್ಟಾರ," ಎಂದಳು ರೇಣುಕಾ. "ಈ ಸರ್ತಿ ತಪ್ಪಿದ್ರ ಸಾಲಿ ಸಾಕು ಅಂತಾರ. ಆದ್ರ ಆಯಿ ಕಣ್ಣಾಗ ನೀರ ತರಿಸಿ ಪೇಪರ್ ಬರಿಯಾಕ ನನ್ನ ಕೈ ಏಳೂದಿಲ್ರಿ." ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಈ ಆಯಿಯೇ ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು.

ನನಗೆ ಪಿತ್ತ ನೆತ್ತಿಗೇರಿತು. ಮರುದಿನವೇ ಇಬ್ಬರು ಸ್ವಯಂಸೇವಕಿಯರನ್ನು ಕರೆದುಕೊಂಡು ಹೊರಟೆ. ಒಬ್ಬಳು ಸವಿತಾ, ಚರ್ಚಾಸ್ಪರ್ಧೆಯಲ್ಲಿ ಎದುರಾಳಿಗೆ ನೀರು ಕುಡಿಸುವವಳು. ಇನ್ನೊಬ್ಬಳು ಭಾಗ್ಯ, ಕೌಜಲಗಿ ಕಡೆಯ ಕುರಿಗಾರರ ಮನೆಯ ಹುಡುಗಿ, ಹತ್ತು ಮಾತಿಗೆ ಒಂದು ಮಾತು ಆಡುವವಳು. ಸವಿತಾಳ ಚೀಲದಲ್ಲಿ ಮೂಢನಂಬಿಕೆಯ ಮೇಲೆ ನಾವೇ ಅಚ್ಚು ಹಾಕಿಸಿದ ಕರಪತ್ರಗಳಿದ್ದವು.

ಸತ್ಯವ್ವ ಕಟ್ಟೆಯ ಮೇಲೆ ಕೂತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನಮಗೆ ಚಾಪೆ ಹಾಸಿಸಿ, ಚಹಾ ತರಿಸಿದಳು. ಸವಿತಾ ಎದ್ದು ನಿಂತು ಶುರು ಮಾಡಿದಳು: ನೀರಿನ ಮೇಲೆ ಸೇತುವೆ ಇದೆ, ಸೇತುವೆಯ ಮೇಲೆ ಗಾಡಿ ಹೋಗುತ್ತದೆ, ಹೊಳೆಗೂ ಕೂಸಿಗೂ ಏನು ಸಂಬಂಧ, ಇದೆಲ್ಲ ಮೂಢನಂಬಿಕೆ.

ಸತ್ಯವ್ವ ಪೂರ್ತಿ ಕೇಳಿಸಿಕೊಂಡಳು. "ಹಡದೀಯೇನವ್ವಾ ನೀ?"

"ಇಲ್ರಿ ಆಯಿ."

"ಲಗ್ನರೆ ಆಗೇತೇನು?"

"ಇಲ್ರಿ."

"ಹಂಗಾರ ಸುಮ್ನ ಕುಂತು ಚಾ ಕುಡಿ. ಆರಾಕತ್ತೈತಿ."

ಭಾಗ್ಯ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ಸಂವಿಧಾನ, ಶಿಕ್ಷಣದ ಹಕ್ಕು, ಎಲ್ಲ ತೆಗೆದೆ. ಸತ್ಯವ್ವ ಕೂಸನ್ನು ಎದೆಗವಚಿಕೊಂಡು ಎದ್ದೇಬಿಟ್ಟಳು. "ಅಕ್ಕೋರ, ಹಕ್ಕು ನಿಮ್ಮ ಕಡೆ ಇರ್ಲಿ. ಕೂಸು ನಮ್ಮ ಕಡೆ ಇರ್ಲಿ." ಅಲ್ಲಿಗೆ ನಮ್ಮ ಸಭೆ ಬರ್ಖಾಸ್ತಾಯಿತು.

ಇಷ್ಟು ಹೆದರಬೇಕಾದರೆ ಹಿಂದೆ ಏನೋ ಅನಾಹುತ ಆಗಿರಬೇಕು ಎಂದು ನನಗೆ ಅನಿಸಿ, ಬಾಗಿಲಲ್ಲಿ ಮೆಲ್ಲಗೆ ಕೇಳಿದೆ. "ಏನೂ ಆಗಿಲ್ಲ ಬಿಡ್ರಿ," ಎಂದಳು. "ಹಿರೇರು ಹೇಳ್ಯಾರ, ಅಷ್ಟ."

ವಾಪಸು ಬರುವಾಗ ಬಸ್ಸಿನಲ್ಲಿ ಸವಿತಾ ಮುಖ ಊದಿಸಿಕೊಂಡು ಕೂತಿದ್ದಳು. ಸೇತುವೆ ಬಂತು. ಕೆಳಗಿನ ನೀರು ನೋಡುತ್ತಾ ಭಾಗ್ಯ ಬಾಯಿ ಬಿಟ್ಟಳು. "ಮೇಡಂ, ನಮ್ಮ ಮಂದಿ ಕುರಿ ಹೊಡಕೊಂಡು ಊರೂರು ತಿರುಗತಾರ. ಹಡದವರು ಇರ್ತಾರ, ಹಸುಗೂಸು ಇರ್ತಾವ. ಮೂರು ತಿಂಗಳು ಕುಂದರಾಕ ಕುರಿ ಬಿಡಬೇಕಲ್ರಿ? ಅವರೂ ಹೊಳಿ ದಾಟತಾರ. ಹೊಳಿನ್ನ ಕೇಳಿ ದಾಟತಾರ."

"ಕೇಳೋದಂದ್ರ ಹೆಂಗ?"

"ನಮ್ಮ ಮನ್ಯಾಗ ಒಂದು ನಮೂನಿ. ಇವರ ಮನ್ಯಾಗ ಹೆಂಗೋ, ಆಯೀನ್ನ ಕೇಳಬೇಕು. ನಾವು ಕೇಳೇ ಇಲ್ಲಲ್ರಿ."

ಖರೆ. ಎರಡು ತಾಸು ಕೂತಿದ್ದೆವು, ದಾಟುವ ದಾರಿ ಏನೆಂದು ಆ ಮುದುಕಿಯನ್ನು ಒಂದು ಮಾತು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಭಾನುವಾರ ಭಾಗ್ಯ ಒಬ್ಬಳೇ ಹೋದಳು. ಕೇಳಿದ್ದು ಒಂದೇ ಪ್ರಶ್ನೆಯಂತೆ: "ಆಯಿ, ಬಾಣಂತಿ ಹೊಳಿ ದಾಟಲೇಬೇಕಾದ್ರ ಏನು ಮಾಡಬೇಕು?" ಸತ್ಯವ್ವ ಅವಳನ್ನು ಮೇಲೆ ಕೆಳಗೆ ನೋಡಿ, ಕಾಲು ನೀಡಿ ಕೂತು, "ಬರ್ಕೋ" ಎಂದಳಂತೆ. ಎರಡು ಪುಟ ಪಟ್ಟಿ ಬಂತು. ಗಂಗವ್ವನ ಪೂಜೆಗೆ ಹೊಳೆದಂಡೆಯ ಐದು ಹರಳು, ಹಸಿರು ಕುಬಸದ ಖಣ, ಕೊಬ್ಬರಿ ಬಟ್ಟಲು, ಐದೈದು ಉತ್ತತ್ತಿ, ಅಡಿಕೆ, ಅರಿಶಿಣದ ಬೇರು. ಮನೆಯಲ್ಲೇ ಕುದಿಸಿದ ಜೋಳದ ಗುಗ್ಗರಿ. ಕೊನೆಯ ಸಾಲು: ಕೂಸಿನ ಜೊತೆ ಆಯಿ ತಾನೇ ಬರಬೇಕು. ಒಮ್ಮೆ ಪೂಜೆ ಮಾಡಿದರೆ ಐದೂ ಪೇಪರಿಗೆ ನಡೆಯುತ್ತದೆಯೇ ಎಂದು ಭಾಗ್ಯ ಕೇಳಿದ್ದಳು. ನಡೆಯುತ್ತದೆ, ಗಂಗವ್ವನೇನು ಮರೆಗುಳಿಯಲ್ಲ ಎಂದು ಉತ್ತರ ಬಂದಿತ್ತು.

ಸವಿತಾ ಉರಿದುಬಿದ್ದಳು. "ಮೇಡಂ, ಕರಪತ್ರ ಹಂಚೋ ನಾವು ಪೂಜಿ ಮಾಡಸೋದೇನ್ರಿ? ನಾಳೆ ಮಂದಿ ನಗ್ತಾರ."

ಅವಳ ಮಾತು ಪೂರ್ತಿ ತಪ್ಪಾಗಿರಲಿಲ್ಲ. ನನಗೂ ಒಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಹೇಳಿದೆ: "ಪರೀಕ್ಷೆ ರೇಣುಕಾಂದು ತಂಗಿ, ನಮ್ಮ ಸಿದ್ಧಾಂತದ್ದಲ್ಲ."

ಇನ್ನೊಂದು ಕಟ್ಟಳೆ ಕಾಲೇಜಿನಲ್ಲೇ ಇತ್ತು. ಪೇಪರ್ ಮೂರು ತಾಸು, ಅಷ್ಟು ಹೊತ್ತು ಕೂಸು ಹಾಲಿಲ್ಲದೆ ಇರದು. ನಡುವೆ ಹದಿನೈದು ನಿಮಿಷ ರೇಣುಕಾ ಹೊರಗೆ ಬರಲು ಬಿಡಿ, ಮೇಲ್ವಿಚಾರಕಿಯೊಬ್ಬರು ಜೊತೆಗಿರಲಿ ಎಂದು ಅರ್ಜಿ ಬರೆದುಕೊಂಡು ಪ್ರಾಚಾರ್ಯರ ಬಳಿ ಹೋದೆ.

"ನಿಯಮದಾಗ ಇಲ್ಲಲ್ರಿ ಮೇಡಂ," ಎಂದರು.

ಎಂದಿನ ನಾನಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅವತ್ತು ಭಾಗ್ಯಳ ವಿದ್ಯೆ ಪ್ರಯೋಗಿಸಿದೆ. "ಕೊಡಲೇಬೇಕಾದ್ರ ಏನು ಮಾಡಬೇಕ್ರಿ ಸರ್?"

ಅವರು ಕನ್ನಡಕ ತೆಗೆದು ಒರೆಸಿ, ಬೆರಳು ಮಡಚಿ ಎಣಿಸಿದರು. ವೈದ್ಯರ ಪತ್ರ ಒಂದು, ವಿಶ್ವವಿದ್ಯಾಲಯಕ್ಕೆ ಪತ್ರ ಒಂದು, ಕೆಳಮಹಡಿಯಲ್ಲಿ ಕೂರಿಸುವ ಆದೇಶ ಒಂದು. ಪಟ್ಟಿ ಇಲ್ಲೂ ಬಂತು! ಮೂರು ದಿನದಲ್ಲಿ ಒಪ್ಪಿಗೆ ಸಿಕ್ಕಿತು.

ಮೊದಲ ಪೇಪರ್ ಬೆಳಿಗ್ಗೆ ಹತ್ತಕ್ಕೆ. ಎಂಟಕ್ಕೆಲ್ಲ ಲೋಳಸೂರ ಸೇತುವೆಯ ಮೂಡಲಗಿ ಕಡೆಯ ದಂಡೆಯಲ್ಲಿ ನಮ್ಮ ಬಾಡಿಗೆ ಕ್ರೂಸರ್ ಗಾಡಿ ನಿಂತಿತ್ತು. ಸತ್ಯವ್ವ ಐದು ಹರಳು ಆರಿಸಿದಳು, ಎರಡು ಮನಸ್ಸಿಗೆ ಬರಲಿಲ್ಲ, ಬದಲಿಸಿದಳು. ಸವಿತಾ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದಳು. ಎಂಟೂವರೆ ಆಯಿತು, ಎಂಟೂಮುಕ್ಕಾಲು ಆಯಿತು. ರೇಣುಕಾ ಒಂದು ಕೈಯಲ್ಲಿ ನೋಟ್ಸ್, ಇನ್ನೊಂದರಲ್ಲಿ ಕುಂಕುಮದ ಬಟ್ಟಲು ಹಿಡಿದು ಬಾಯಿಪಾಠ ಮಾಡುತ್ತಿದ್ದಳು. ಆರತಿಗೆ ಹಾಡು ಬೇಕೆಂದಾಗ ಭಾಗ್ಯಳಿಗೆ ದನಿ ಏಳಲಿಲ್ಲ. ಕಡೆಗೆ ಗಂಟಲು ಬಿಟ್ಟು ಹಾಡಿದವಳು ಯಾರು ಅಂತೀರಿ? ಸವಿತಾ! ಅವಳ ಅವ್ವನಿಂದ ಕಲಿತದ್ದಂತೆ. ಸತ್ಯವ್ವ ಹೊಳೆಯ ನೀರಿನಲ್ಲಿ ಬೆರಳದ್ದಿ ಕೂಸಿನ ಹಣೆಗೆ ಮುಟ್ಟಿಸಿದಳು. ಆಮೇಲೆ ನಮ್ಮ ಕಡೆ ತಿರುಗಿ ಜೋರು ಮಾಡಿದಳು. "ಮತ್ಯಾಕ ನಿಂತೀರಿ? ಪರೀಕ್ಷಾ ಏನು ನಿಮ್ಮಪ್ಪನ ಮನ್ಯಾಗ ನಡದೈತೇನು? ನಡೀರಿ ಲಗೂನ!"

ಗಾಡಿಯೊಳಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಒಂಬತ್ತೂವರೆಗೆ ಕಾಲೇಜು ಮುಟ್ಟಿದೆವು.

ಕೇಂದ್ರದ ಎರಡು ಕಿಟಕಿಗಳ ಸರಳಿಗೆ ಸೀರೆ ಕಟ್ಟಿ ಸತ್ಯವ್ವ ಕೂಸನ್ನು ತೂಗುವ ಜೋಳಿಗೆ ಮಾಡಿದಳು. ಹನ್ನೊಂದೂವರೆಗೆ ರೇಣುಕಾ ಬಂದು ಹಾಲು ಕುಡಿಸಿ ಹೋದಳು. ಜೊತೆಗೆ ಬಂದ ಮೇಲ್ವಿಚಾರಕಿಗೆ ಕೂಸನ್ನು ಬಿಟ್ಟುಹೋಗಲು ಮನಸ್ಸೇ ಇರಲಿಲ್ಲ. ಎರಡನೇ ಪೇಪರಿನ ಹೊತ್ತಿಗೆ ಹುಡುಗಿಯರೆಲ್ಲ ಸತ್ಯವ್ವನ ಸುತ್ತ ಮುತ್ತಿದರು. ಮುಟ್ಟಿನ ಹೊಟ್ಟೆನೋವು, ಬಿಳಿ ಸೆರಗು, ಬಸಿರು, ನನ್ನೆದುರು ಎಂದೂ ಬಾಯಿಬಿಡದ ಸಂಗತಿಗಳನ್ನು ಅವಳ ಹತ್ತಿರ ಕೇಳತೊಡಗಿದರು. ಗೊತ್ತಿದ್ದದ್ದು ಹೇಳುತ್ತಿದ್ದಳು, ಗೊತ್ತಿಲ್ಲದ್ದಕ್ಕೆ "ಡಾಕ್ಟರಬಾಯಿ ಕಡೆ ಹೋಗು, ಹೆದರಬ್ಯಾಡ" ಎನ್ನುತ್ತಿದ್ದಳು. ನಮ್ಮ ಕೇಂದ್ರ ಅಷ್ಟು ತುಂಬಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ರೇಣುಕಾ ಐದೂ ಪೇಪರ್ ಬರೆದಳು, ಪ್ರಥಮ ದರ್ಜೆಯಲ್ಲಿ ಪಾಸಾದಳು. ಅತ್ತೆ ಮಾವ ಮಾತು ಉಳಿಸಿಕೊಂಡರು. ಈಗ ಅವಳ ಬಿ.ಎಡ್. ಮುಗಿದಿದೆ. ಡಿಗ್ರಿ ಫಲಿತಾಂಶದ ದಿನ ಫೋನಿನಲ್ಲಿ ನಾನೂ ಅವಳೂ ಅತ್ತೆವು, ಖುಷಿಗೆ.

ಎಲ್ಲ ಕಟ್ಟಳೆಗೂ ಹೀಗೆ ದಾರಿ ಇರುವುದಿಲ್ಲ. ಕೆಲವಕ್ಕೆ ಎದುರು ನಿಂತು ಜಗಳವನ್ನೇ ಆಡಬೇಕು, ನಾವು ಆಡಿದ್ದೂ ಉಂಟು. ಆದರೆ ಮೂವತ್ತು ವರ್ಷ ಪಾಠ ಹೇಳಿ ಹೇಳಿ ನನಗೆ ಹೇಳುವ ಚಟ ಹತ್ತಿತ್ತು. ಇನ್ನೊಬ್ಬರ ಮನೆಯ ಕಟ್ಟೆಯ ಮೇಲೆ ಕೂತಾಗ ಮೊದಲು ಕೇಳಬೇಕು, ಉತ್ತರ ನನಗೇ ಗೊತ್ತು ಎಂಬ ಮುಖ ಮಾಡಿಕೊಂಡು ಕೇಳಬಾರದು ಎಂಬುದನ್ನು ನೌಕರಿಯ ಕೊನೆಯ ವರ್ಷದಲ್ಲಿ ಕಲಿತೆ.

ಮುಂದಿನ ಪರೀಕ್ಷೆಯ ಹೊತ್ತಿಗೆ, ನಾನು ನಿವೃತ್ತಿಯ ಕಾಗದಪತ್ರ ಜೋಡಿಸುತ್ತಿದ್ದಾಗ, ಒಂದು ಮುಂಜಾನೆ ಕೇಂದ್ರದ ಬಾಗಿಲಲ್ಲಿ ಸತ್ಯವ್ವ ನಿಂತಿದ್ದಳು. ಕರೆದವರು ಯಾರೂ ಇಲ್ಲ. ಹಿಂದೆ ಅವರ ಓಣಿಯ ಇನ್ನೊಬ್ಬ ಬಾಣಂತಿ, ಬಗಲಲ್ಲಿ ಹೆಣ್ಣು ಕೂಸು, ಕೈಯಲ್ಲಿ ಹಾಲ್ ಟಿಕೆಟ್. ಸತ್ಯವ್ವ ಖುರ್ಚಿ ಎಳೆದುಕೊಂಡು ಕೂತು ನನಗೆ ಹೇಳಿದಳು:

"ಹೊಳಿ ಕೂಡ ನಾ ಮಾತಾಡೇನಿ. ನಿಮ್ಮ ಪ್ರಿನ್ಸಿಪಾಲರ ಕೂಡ ನೀವು ಮಾತಾಡ್ರಿ."