ಹ್ಞೂಂ ಅನ್ನುವವರೆಗೂ ಕಥೆ

ಬಳ್ಳಾರಿಯ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಕಥೆಯ ಹಂದರವೆಂದು ಬೋರ್ಡಿನ ಮೇಲೆ ಒಂದು ಗುಡ್ಡ ಬರೆದಿದ್ದರು. ಬುಡದಲ್ಲಿ ಆರಂಭ, ಏರಿನಲ್ಲಿ ತೊಡಕು, ನೆತ್ತಿಯಲ್ಲಿ ಬಿಕ್ಕಟ್ಟು, ಇಳಿಜಾರಿನಲ್ಲಿ ಬಿಡುಗಡೆ. ಬಾಯಿಪಾಠ ಮಾಡಿ ಪಾಸಾದೆ. ಅರ್ಥವಾದದ್ದು ಮಾತ್ರ ಅಕ್ಕನಿಗೆ ಹಾವು ಕಚ್ಚಿದ ದಿನ.

ಸಿರುಗುಪ್ಪದ ಹತ್ತಿರ ನಮ್ಮ ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಊರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ತಕ್ಷಣ ಬಳ್ಳಾರಿಗೆ ಒಯ್ಯಲು ಹೇಳಿದರು. ಪಕ್ಕದ ಮನೆಯ ಕಾಕಾ ಕಾರು ತೆಗೆದರು. ಹಾವು ಕಚ್ಚಿದವರನ್ನು ಮಲಗಗೊಡಬಾರದೆಂಬುದು ನಮ್ಮ ಕಡೆಯ ನಂಬಿಕೆ. ಅಕ್ಕನ ರೆಪ್ಪೆಗಳು ಆಗಲೇ ಜೋತುಬಿದ್ದಿದ್ದವು.

"ಕಥಿ ಹೇಳ್ತೀನಿ ಅಕ್ಕಾ, ಹ್ಞೂಂ ಅನ್ನು," ಅಂದೆ. ನಮ್ಮ ಮನೆಯಲ್ಲಿ ಕೇಳುವವರು ಹ್ಞೂಂ ಅನ್ನದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ.

ಒಬ್ಬ ಹುಡುಗಿ ಬಾವಿಗೆ ಬಿದ್ದಳು ಅಂದೆ. ಹ್ಞೂಂ. ಹಗ್ಗ ಇಳಿಬಿಟ್ಟರು. ಹ್ಞೂಂ. ಅವಳನ್ನು ಮೇಲೆತ್ತಲು ನನಗೆ ಧೈರ್ಯ ಬರಲಿಲ್ಲ. ಕಥೆ ಮುಗಿದರೆ ಅಕ್ಕ ಮಲಗುತ್ತಾಳೆ. ಹಗ್ಗ ಹರಿಯಿತು ಅಂದೆ. ಏಣಿ ತಂದರು, ಏಣಿ ಗಿಡ್ಡವಾಯಿತು. ಹುಡುಗಿಯನ್ನು ನಾನೇ ಮತ್ತೆ ಮತ್ತೆ ನೀರಿಗೆ ತಳ್ಳುತ್ತಿದ್ದೆ.

"ಎಷ್ಟು ಕಾಡ್ತೀಯಲೇ ಅದನ್ನ," ಅಂದಳು ಅಕ್ಕ, ತೊದಲುತ್ತ. ಆಮೇಲೆ ಅವಳಿಂದ ಮಾತು ಬರಲಿಲ್ಲ, ಹ್ಞೂಂ ಮಾತ್ರ.

ಕುರುಗೋಡಿನಲ್ಲಿ ಭತ್ತದ ಲಾರಿಗಳು ದಾರಿ ಕಟ್ಟಿದ್ದವು. ಕಾಕಾ ಹಾರ್ನ್ ಒತ್ತಿ ಹಿಡಿದರು. ಸದ್ದು ನಿಂತಾಗ ಅಕ್ಕನ ಹ್ಞೂಂ ಕೂಡ ನಿಂತಿತ್ತು. ಅಲುಗಾಡಿಸಿದೆ, ಕೆನ್ನೆ ತಟ್ಟಿದೆ. ಮೂಗಿನ ಬಳಿ ಬೆರಳಿಟ್ಟರೆ ಉಸಿರು ಹೌದೋ ಅಲ್ಲವೋ ಅನ್ನುವಷ್ಟಿತ್ತು. ನನ್ನ ಕಥೆಯೂ ಅಲ್ಲಿಗೇ ನಿಂತಿತು.

"ಹ್ಞೂಂ," ಅಂದರು ಕಾಕಾ, ತಿರುಗಿ ನೋಡದೆ. "ನಿಲ್ಲಿಸಬ್ಯಾಡ, ಹೇಳು. ಆಕಿಗೆ ಕೇಳಸ್ತಿರತೈತಿ."

ಬಳ್ಳಾರಿ ಗುಡ್ಡ ಕಾಣುವವರೆಗೂ ಅಳುತ್ತಲೇ ಹೇಳಿದೆ. ಆಸ್ಪತ್ರೆಯ ಬಾಗಿಲಲ್ಲಿ ಅಕ್ಕನನ್ನು ನನ್ನ ಕೈಯಿಂದ ಎತ್ತಿಕೊಂಡು ಹೋದಾಗ ಹುಡುಗಿ ಇನ್ನೂ ಬಾವಿಯಲ್ಲೇ ಇದ್ದಳು.

ಉಸಿರಾಟಕ್ಕೆಂದು ಅಕ್ಕನ ಗಂಟಲಿಗೆ ಕೊಳವೆ ಹಾಕಿದರು. ಹೊರಗೆ ಬೆಂಚಿನ ಮೇಲೆ ಕುಳಿತು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಮೇಷ್ಟ್ರ ಗುಡ್ಡದ ಮೇಲೆ ರೋಷ ಬಂತು. ಆ ಇಳಿಜಾರನ್ನು ಎಷ್ಟು ಸಲೀಸಾಗಿ ಬರೆದಿದ್ದರು.

ಕೆಲವು ದಿನಗಳ ನಂತರ ಕೊಳವೆ ತೆಗೆದರು. ನನ್ನನ್ನು ಒಳಗೆ ಬಿಟ್ಟರು. ಅಕ್ಕ ಒಡಕು ದನಿಯಲ್ಲಿ ಕೇಳಿದಳು, "ಹುಡುಗಿ ಮ್ಯಾಲೆ ಬಂದ್ಲಾ?"

"ಬಂದ್ಲು," ಅಂದೆ.

ಅಕ್ಕ ಕಣ್ಣು ಮುಚ್ಚಿದಳು. ನಾನು ಕಾದೆ.

"ಹ್ಞೂಂ," ಅಂದಳು.