ಕೆಂಪು ನೆಲದ ಗೆರೆ

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಹೇಳಿಕೊಳ್ಳೋಕೆ ಇವತ್ತಿಗೂ ಸಂಕೋಚವಿಲ್ಲ. ಅಪ್ಪ ಗಾರೆ ಕೆಲಸದವರು. ಜಯನಗರ, ಬನಶಂಕರಿಯ ಎಷ್ಟೋ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಅವರ ಕೈಯಲ್ಲಿ ಆಗಿದ್ದು. ಇದನ್ನು ಹೇಳೋಕೆ ಮಾತ್ರ, ಹೇಳಲೇಬೇಕಾಗಿದ್ದ ದಿನ, ನನಗೆ ಬಾಯಿ ಬರಲಿಲ್ಲ.

ಅಂಜನಾಪುರದಲ್ಲಿ ಮನೆ ಕಟ್ಟಿಸಿ, ಒಳಗಿನ ಕೆಲಸಕ್ಕೆ ಇಂಟೀರಿಯರ್ ಡಿಸೈನರನ್ನು ಗೊತ್ತು ಮಾಡಿದ್ದೆ. ಆಫೀಸಿನಲ್ಲಿ ಎಲ್ಲರೂ ಮಾಡಿಸ್ತಾರೆ, ನಾನೇನು ಕಮ್ಮಿ ಅನ್ನೋ ಹಟ. ಆಕೆ ಲ್ಯಾಪ್‌ಟಾಪಿನಲ್ಲಿ ನಮ್ಮ ಹಾಲ್ ಹೇಗಿರುತ್ತೆ ಅಂತ ತೋರಿಸಿದರು. ನೆಲ ಕೆಂಪಗಿತ್ತು. ಟೈಲ್ಸ್ ಕಾಲ ಮುಗೀತು, ಈಗ ರೆಡ್ ಆಕ್ಸೈಡೇ ಟ್ರೆಂಡ್ ಅಂದರು. ಅಲ್ಲೀತನಕ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಅಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಂಕಲ್ ಏನ್ ಮಾಡ್ತಿದ್ರು ಸಾರ್?"

"ರಿಟೈರ್ಡ್," ಅಂದೆ.

"ಯಾವ ಡಿಪಾರ್ಟ್‌ಮೆಂಟ್ ಅಂಕಲ್?"

"ಕಟ್ಟಡದ್ದು ಕಣಮ್ಮ," ಅಂದರು ಅಪ್ಪ.

"ಓ, ಪಿಡಬ್ಲ್ಯೂಡಿ."

ಅಪ್ಪ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಈ ಕೆಲಸ ಬಲ್ಲ ಹಳೇ ಮೇಸ್ತ್ರಿಗಳು ಬೆಂಗಳೂರಲ್ಲಿ ಯಾರೂ ಉಳಿದಿಲ್ಲ, ಆದರೆ ತಮ್ಮ ಟೀಮಿಗೆ ಟ್ರೈನಿಂಗ್ ಆಗಿದೆ ಅಂತ ಆಕೆ ಧೈರ್ಯ ಹೇಳಿದರು. ಅಪ್ಪ ಅರ್ಧ ಕುಡಿದ ಕಾಫಿ ಬಿಟ್ಟು ಎದ್ದುಹೋದರು.

ಸಂಜೆ ಬಂದು, ನಾನೇ ಹಾಕ್ಲಾ, ಮಂಡಿ ನೋವಿದೆ, ನಿಧಾನಕ್ಕೆ ಹಾಕ್ತೀನಿ ಅಂತ ಕೇಳಿದರು. ಕೈಯಲ್ಲಿ ಹಳೇ ಕರಣೆ ಇತ್ತು, ತುಕ್ಕು ಉಜ್ಜಿ ತಂದಿದ್ದರು. ಇಷ್ಟು ವರ್ಷ ಗೇಯ್ದಿದ್ದು ಸಾಕು, ಯಜಮಾನನ ಥರ ಕೂತ್ಕೊಳಪ್ಪ ಅಂದೆ. ಪ್ರೀತಿಗೆ ಹೇಳಿದ ಹಾಗಿತ್ತು ಮಾತು. ಅಪ್ಪ ದಡ್ಡರಲ್ಲ.

ನೆಲ ಹಾಕುವ ದಿನ ಟೀಮಿನವರು ಅರ್ಧ ಹಾಲ್ ಮುಗಿಸಿ ಊಟಕ್ಕೆ ಹೊರಟರು. ಕೆಂಪು ಗಾರೆಯನ್ನು ಒಂದೇ ಪಟ್ಟಿಗೆ ಮುಗಿಸಬೇಕು, ನಡುವೆ ಕೈಬಿಟ್ಟರೆ ಗೆರೆ ಬೀಳುತ್ತೆ. ಅಪ್ಪನಿಗೆ ಊಟದ ಡಬ್ಬಿ ಕೊಡೋಕೆ ಹೋಗುತ್ತಿದ್ದ ಕಾಲದಿಂದ ನನಗೂ ಅದು ಗೊತ್ತು. ಎಷ್ಟೋ ದಿನ ಡಬ್ಬಿ ಹಿಡಿದು ಗಂಟೆಗಟ್ಟಲೆ ಕಾದಿದ್ದೇನೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟರು. ನಾನೂ ತಡೆಯಲಿಲ್ಲ. ತಡೆದರೆ, ನಿಮಗೆ ಹೇಗೆ ಗೊತ್ತು ಸಾರ್ ಅಂತ ಕೇಳುತ್ತಿದ್ದರು.

ಗೆರೆ ಬಿತ್ತು. ಗೋಡೆಯಿಂದ ಗೋಡೆಗೆ, ಒಂದು ಕಡೆ ಗಾಢ, ಒಂದು ಕಡೆ ತಿಳಿ. ಹ್ಯಾಂಡ್‌ಮೇಡ್ ಅಂದ್ರೆ ಹೀಗೇ, ಅದೇ ಬ್ಯೂಟಿ ಅಂತ ಡಿಸೈನರ್ ಫೋಟೋ ತೆಗೆದುಕೊಂಡು ಹೋದರು.

ಗೃಹಪ್ರವೇಶಕ್ಕೆ ಬಂದ ನಮ್ಮ ಮ್ಯಾನೇಜರ್ ಚಪ್ಪಲಿ ಬಿಟ್ಟು ಒಳಗೆ ಬಂದವರೇ, ಅಂಗಾಲಿಗೆ ಎಷ್ಟು ತಂಪಾಗಿದೆ, ಯಾರು ಹಾಕಿದ್ದು ಅಂತ ಕೇಳಿದರು. ಈ ಸಲವಾದರೂ ಹೇಳಿಬಿಡೋಣ, ನಮ್ಮಪ್ಪ ಇದೇ ಕೆಲಸ ಮಾಡಿ ನನ್ನನ್ನು ಓದಿಸಿದ್ದು ಅಂತ, ಎಂದುಕೊಂಡು ಗಂಟಲು ಸರಿಮಾಡಿಕೊಂಡೆ.

ಅಪ್ಪ ಮೊದಲೇ ಮಾತಾಡಿದರು.

"ಯಾರೋ ಹಾಕಿದ್ದು ಸಾರ್. ನಂಗಿದೆಲ್ಲ ಗೊತ್ತಾಗಲ್ಲ. ನಾನು ಪಿಡಬ್ಲ್ಯೂಡಿ."